ಅಪ್ಪನ ಗಾಡಿ ಸೀಜ್ ಆದದ್ದು

ಅಜ್ಜಂಪುರ
9 ಜನವರಿ 2024

ಅಣ್ಣನವರಿಗೆ,

ನಿಮ್ಮ ತಮ್ಮ ಓಂಕಾರೇಶ ಮಾಡುವ ನಮಸ್ಕಾರ. ಕ್ಷೇಮ ಸಮಾಚಾರ ಕೇಳುವಷ್ಟು ಸಲುಗೆ ನಮ್ಮಿಬ್ಬರ ನಡುವೆ ಉಳಿದಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಆಸ್ತಿ ಪಾಲಾದ ದಿನ ನೀವು ಹಿರೇನಲ್ಲೂರಿನ ಮನೆ ಜಗಲಿ ಮೇಲೆ ನಿಂತು "ಇವತ್ತಿಂದ ನಿಮ್ಮಿಬ್ರ ಹತ್ರ ನನಗೆ ಮಾತಿಲ್ಲ" ಎಂದು ಅವ್ವನಿಗೂ ನನಗೂ ಹೇಳಿ ಹೋದಿರಿ. ಆಮೇಲೆ ನಾನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮೊನ್ನೆ ಅವ್ವ ಅಂದಳು: "ಮಾತಿಲ್ಲ ಅಂದ, ಕಾಗದ ಬರೀಬೇಡ ಅಂದಿಲ್ವಲ್ಲ. ಬರಿ." ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಕಾರು ನಿಂತುಹೋಗಿದೆ. ತಪ್ಪು ನನ್ನದೇ. ಹೋದ ವಾರ ಭಾನುವಾರ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ನಾನೇ ಎಂಜಿನ್ ಆಯಿಲ್ ಬದಲಾಯಿಸಿದೆ. ಹಳೆಯದನ್ನು ಇಳಿಸಿ, ಫಿಲ್ಟರ್ ಬಿಚ್ಚಿ, ಹೊಸ ಫಿಲ್ಟರ್ ಹಾಕಿ, ಹೊಸ ಆಯಿಲ್ ತುಂಬಿಸಿದೆ. ಸ್ಟಾರ್ಟ್ ಆಯಿತು, ಸದ್ದೂ ಚೆನ್ನಾಗಿತ್ತು. ಮಾರನೆಯ ದಿನ ತರೀಕೆರೆ ರಸ್ತೆಯಲ್ಲಿ ಹೋಗುವಾಗ ಕೆಂಪು ದೀಪ ಹತ್ತಿತು. ಬಿಚ್ಚುವಾಗ ಎಲ್ಲೋ ವೈರು ಸಡಿಲವಾಗಿರಬೇಕು ಎಂದುಕೊಂಡು ಓಡಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೀಸುವ ಕಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಸದ್ದು ಬಂದು, ಗಾಡಿ ಜಗ್ಗಿ ನಿಂತಿತು. ಈಗ ಕೀ ತಿರುಗಿಸಿದರೆ ಟಕ್ ಅನ್ನುತ್ತದೆ, ಅಷ್ಟೆ.

ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಚೌಡಪ್ಪ ಎನ್ನುವ ಮೆಕ್ಯಾನಿಕ್ ಇದ್ದಾನೆ. ನೋಡಿ, ಒಳಗೆಲ್ಲ ಕಚ್ಚಿಕೊಂಡು ಎಂಜಿನ್ ಸೀಜ್ ಆಗಿದೆ, ಇಳಿಸಬೇಕು ಎಂದ. ಅವ್ವ ಮುಟ್ಟಗೊಡಲಿಲ್ಲ. "ಆ ಗಾಡಿ ದೊಡ್ಡೋನ ಮಾತು ಮಾತ್ರ ಕೇಳೋದು. ಅವನಿಗೆ ಬರಿ" ಎಂದಳು. ನೀವು ಐಟಿಐನಲ್ಲಿ ಅಷ್ಟು ವರ್ಷ ಹುಡುಗರಿಗೆ ಎಂಜಿನ್ ಕಲಿಸಿದವರು. ಒಂದು ಸಲ ಬಂದು ನೋಡಲು ಆಗುತ್ತದೆಯೇ? ಗಾಡಿ ಇಲ್ಲದೆ ಬಹಳ ತೊಂದರೆಯಾಗಿದೆ. ನನ್ನ ಶಾಲೆಗೆ ಹೇಗೋ ಹೋಗುತ್ತೇನೆ. ಅವ್ವನನ್ನು ವಾರಕ್ಕೆ ಎರಡು ಸಲ ತರೀಕೆರೆಗೆ ಕರೆದುಕೊಂಡು ಹೋಗಬೇಕು.

ಇಂತಿ,
ಓಂಕಾರೇಶ

*

ಕಡೂರು
15 ಜನವರಿ 2024

ಓಂಕಾರೇಶ,

ಕಾಗದ ಬಂತು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗೇ ಇದೆ.

ಕೆಂಪು ದೀಪ ಹತ್ತಿದರೆ ಏನರ್ಥ ಎಂದು ನನ್ನ ಹತ್ತಿರ ಬರುತ್ತಿದ್ದ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರಿಗೂ ಗೊತ್ತಿತ್ತು. ಎಂಜಿನ್ನಿನಲ್ಲಿ ಆಯಿಲ್ ಇಲ್ಲ, ನಿಲ್ಲಿಸು ಎಂದರ್ಥ. ನೀನು ವೈರು ಸಡಿಲ ಎಂದುಕೊಂಡೆ. ನಿನ್ನ ಹತ್ತಿರ ಕಲಿಯುವ ಮಕ್ಕಳ ಗತಿ ನೆನೆದು ಅಯ್ಯೋ ಅನ್ನಿಸಿತು.

ಅಪ್ಪ ಇದ್ದಷ್ಟು ಕಾಲ ಆ ಎಂಜಿನ್ನಿಗೆ ನನ್ನನ್ನು ಬಿಟ್ಟು ಇನ್ನೊಬ್ಬರು ಸ್ಪ್ಯಾನರ್ ಹಾಕಿರಲಿಲ್ಲ. ಬಾನೆಟ್ ಮೇಲೆ ತುಂಬಿದ ಲೋಟ ಇಟ್ಟರೆ ನೀರು ತುಳುಕುತ್ತಿರಲಿಲ್ಲ. ಅಂಥದನ್ನು ಕೊಂದು, ಈಗ ವೈದ್ಯರೇ ಬನ್ನಿ ಅನ್ನುತ್ತಿದ್ದೀಯ. ನಾನು ಬರುವುದಿಲ್ಲ. ಕಡೂರಿಂದ ಅಜ್ಜಂಪುರಕ್ಕೆ ರೈಲಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಬರೆಯುತ್ತೇನೆ. ಒಂದೊಂದೇ ಹೇಳುತ್ತೇನೆ. ಒಟ್ಟಿಗೆ ಹೇಳಿದರೆ ನಿನ್ನ ತಲೆಗೆ ಹತ್ತುವುದಿಲ್ಲ. ಮೊದಲು ನೀನು ಹಾಕಿದ ಫಿಲ್ಟರ್ ಬಿಚ್ಚು. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ನೀನು ಅದರ ಮೇಲೆ ಹೊಸದನ್ನು ಕೂರಿಸಿದ್ದೀಯ. ನೋಡದೆಯೇ ಹೇಳುತ್ತೇನೆ. ಎರಡು ರಿಂಗ್ ನಡುವೆ ಆಯಿಲ್ಲೆಲ್ಲ ಸೋರಿ ರಸ್ತೆ ಪಾಲಾಗಿದೆ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡು. ಕೂದಲೆಳೆಯಷ್ಟು ಅಲ್ಲಾಡಿದರೂ ಬರಿ.

ಇನ್ನೊಂದು. ತರೀಕೆರೆಯಲ್ಲಿ ಅವ್ವನಿಗೆ ಏನು ಕೆಲಸ? ಅಲ್ಲಿರುವುದು ನಿನ್ನ ಹೆಂಡತಿ ತನುಜಾಳ ತವರು. ವಾರಕ್ಕೆರಡು ಸಲ ಅತ್ತೆ ಮನೆಯ ಊಟಕ್ಕೆ ಅಪ್ಪನ ಗಾಡಿ ಓಡಿಸುವವನು ಅವ್ವನ ಹೆಸರನ್ನು ಮುಂದೆ ಮಾಡಬಾರದು.

ಮೃತ್ಯುಂಜಯ

*

ಅಜ್ಜಂಪುರ
21 ಜನವರಿ 2024

ಅಣ್ಣನವರಿಗೆ,

ನೀವು ಬರೆದದ್ದು ಹಾಗೆಯೇ ನಿಜವಾಯಿತು. ಫಿಲ್ಟರ್ ಬಿಚ್ಚಿದರೆ ಹಳೆಯ ರಬ್ಬರ್ ರಿಂಗ್ ಎಂಜಿನ್ನಿಗೆ ಕಚ್ಚಿಕೊಂಡಿತ್ತು. ಕಪ್ಪಗೆ ಇದ್ದದ್ದರಿಂದ ನನಗೆ ಕಂಡಿರಲಿಲ್ಲ. ಕಿತ್ತು ಅವ್ವನಿಗೆ ತೋರಿಸಿದೆ. ಅವಳು ಅದನ್ನು ಬಳೆಯ ಹಾಗೆ ಬೆರಳಲ್ಲಿ ತಿರುಗಿಸುತ್ತಾ, "ನೋಡ್ದೇನೋ, ಕಡೂರಲ್ಲಿ ಕೂತ್ಕೊಂಡೇ ಹೇಳ್ಬಿಟ್ಟ" ಎಂದಳು.

ಟಾಪ್ ಗೇರಿಗೆ ಹಾಕಿ ನಾನೂ ತನುಜಾನೂ ತಳ್ಳಿದೆವು. ಒಂಚೂರೂ ಅಲ್ಲಾಡಲಿಲ್ಲ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅವ್ವ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅವಳಿಗೂ ಎದ್ದು ಬಂದು ಒಂದು ಕೈ ಹಾಕಬೇಕು ಅನ್ನಿಸಿತಂತೆ.

ತರೀಕೆರೆಯ ವಿಷಯ ನೀವು ತಿಳಿದುಕೊಂಡ ಹಾಗೇ ಇರಲಿ. ಈಗ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇವೆ. ಹತ್ತುವಾಗ ಮೆಟ್ಟಿಲು ಅವ್ವನಿಗೆ ಎತ್ತರವಾಗುತ್ತದೆ. ವಾಪಸ್ ಬರುವಾಗ ಅವಳಿಗೆ ಕೂರಲು ಜಾಗ ಸಿಕ್ಕಿದರೆ ಸಾಕು ಅನ್ನಿಸುತ್ತದೆ.

ಮುಂದೆ ಏನು ಮಾಡಲಿ, ಬರೆಯಿರಿ. ಆದಷ್ಟು ಬೇಗ ಬರೆಯಿರಿ.

ಓಂಕಾರೇಶ

*

ಕಡೂರು
30 ಜನವರಿ 2024

ಓಂಕಾರೇಶ,

ಬೇಗ ಬರೆಯಿರಿ ಎಂದಿದ್ದೀಯ. ಬೇಗ ಬೇಕಾದವನು ಬಾಡಿಗೆ ಗಾಡಿ ತೆಗೆದುಕೊಂಡು ಹೋಗಲಿ. ಎಂಜಿನ್ ಕೆಲಸ ಬೇಗ ಆಗುವುದಿಲ್ಲ. ಹಾಳು ಮಾಡುವುದಷ್ಟೇ ಬೇಗ ಆಗುತ್ತದೆ.

ಅವ್ವ ಕುರ್ಚಿ ಹಾಕಿಸಿಕೊಂಡು ಕೂತಳು ಎಂದು ಬರೆದಿದ್ದೀಯ. ಕೂರಲಿ. ಪಾಲಿನ ದಿನವೂ ಅವಳು ಕೂತೇ ಇದ್ದಳು. ಯಾರ ಹತ್ತಿರ ಇರುತ್ತೀಯಮ್ಮ ಎಂದು ದೊಡ್ಡವರು ಕೇಳಿದಾಗ ನನ್ನ ಮುಖ ಕೂಡ ನೋಡದೆ "ಚಿಕ್ಕೋನ ಹತ್ರ" ಎಂದಳು. ಅಮ್ಮ ಇದ್ದ ಕಡೆ ಗಾಡಿ ಇರಲಿ ಎಂದು ಅವರೂ ತೀರ್ಮಾನ ಮಾಡಿಬಿಟ್ಟರು. ಅವತ್ತು ಕೀ ನಿನ್ನ ಕೈಗೆ ಕೊಟ್ಟವನು ನಾನೇ. ನಿನಗೆ ರಿವರ್ಸ್ ತೆಗೆಯಲು ಸರಿಯಾಗಿ ಬರುತ್ತಿರಲಿಲ್ಲ. ಊರಿನವರೆಲ್ಲ ನೋಡುತ್ತಿರುವಾಗ ಬೇಲಿಗೆ ಉಜ್ಜಿಕೊಂಡು ಹೋದೆ. ಅವ್ವ ಮುಂದಿನ ಸೀಟಿನಲ್ಲಿ ಕೂತು ತಿರುಗಿ ಕೂಡ ನೋಡಲಿಲ್ಲ. ಇದನ್ನೂ ಅವಳಿಗೆ ಓದಿ ಹೇಳು.

ಈಗ ಕೆಲಸ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚು. ಡೀಸೆಲ್ಲಿಗೆ ಅಷ್ಟೇ ಗೇರ್ ಆಯಿಲ್ ಬೆರೆಸಿ ಪ್ಲಗ್ಗಿನ ತೂತುಗಳಲ್ಲಿ ಹೊಯ್ಯಿ, ಬಟ್ಟೆ ಮುಚ್ಚಿ ಬಿಟ್ಟುಬಿಡು. ಎಂಜಿನ್ ಪಕ್ಕದಲ್ಲಿ ಬೆಲ್ಟ್ ಓಡುವ ದೊಡ್ಡ ಪುಲ್ಲಿಯ ನಡುವೆ ಒಂದು ಬೋಲ್ಟ್ ಇದೆ. ಅದಕ್ಕೆ ಸ್ಪ್ಯಾನರ್ ಕೊಟ್ಟು, ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪ್ ಸಿಕ್ಕಿಸಿ, ದಿನಾ ಬೆಳಿಗ್ಗೆ ಎಡಕ್ಕೂ ಬಲಕ್ಕೂ ಮೆಲ್ಲಗೆ ಜಗ್ಗಿ ನೋಡು. ಮಗುವಿನ ಹಾಲುಹಲ್ಲು ಅಲ್ಲಾಡುತ್ತಿದೆಯೇ ಎಂದು ನೋಡುವ ಹಾಗೆ. ಶಕ್ತಿ ತೋರಿಸಬೇಡ. ಅಲ್ಲಾಡುವುದಿಲ್ಲ ಎಂದು ನನಗೆ ಗೊತ್ತು, ಆದರೂ ಮಾಡು.

ಮೃತ್ಯುಂಜಯ

*

ಅಜ್ಜಂಪುರ
11 ಫೆಬ್ರವರಿ 2024

ಅಣ್ಣಾ,

ಅಲ್ಲಾಡಿತು!

ನೀವು ಗೀವು ಎಂದು ಬರೆಯಲು ಕೈ ಬರುತ್ತಿಲ್ಲ. ಚಿಕ್ಕಂದಿನಲ್ಲಿ ಕರೆದ ಹಾಗೇ ಕರೆಯುತ್ತೇನೆ, ಬೈಯಬೇಡ. ದಿನಾ ಬೆಳಿಗ್ಗೆ ನೀನು ಹೇಳಿದ ಹಾಗೆ ಪೈಪ್ ಹಾಕಿ ಜಗ್ಗುತ್ತಿದ್ದೆ. ಬಂಡೆಯ ಹಾಗೆ ಇತ್ತು. ಇವತ್ತು ಎಡಕ್ಕೆ ಜಗ್ಗಿದಾಗ ಒಳಗೆ ಕಿರ್ ಎಂದಿತು. ಮೊದಲು ಬೋಲ್ಟೇ ಕಿತ್ತು ಬಂತೇನೋ ಎಂದುಕೊಂಡೆ. ನೋಡಿದರೆ ಪುಲ್ಲಿ ತಿರುಗಿದೆ, ಹೆಬ್ಬೆರಳಿನ ಅಗಲದಷ್ಟು! ಬಲಕ್ಕೆ ಜಗ್ಗಿದೆ, ಅಷ್ಟೇ ವಾಪಸ್ ಬಂತು. ನಾನು ಕಿರುಚಿದ್ದಕ್ಕೆ ತನುಜಾ ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡಿ ಬಂದಳು. ಅವ್ವ ಕೂತಲ್ಲೇ ಚಪ್ಪಾಳೆ ತಟ್ಟಿದಳು. ನಿನ್ನ ಕಾಗದಗಳನ್ನು ಅವಳು ಮತ್ತೆ ಮತ್ತೆ ಓದಿಸಿಕೊಳ್ಳುತ್ತಾಳೆ.

ಚೌಡಪ್ಪನೂ ಬಂದು ನೋಡಿದ. "ಪರ್ವಾಗಿಲ್ಲ ಮೇಷ್ಟ್ರೇ, ಕೈ ಕೂತಿದೆ. ಇನ್ನು ಕೆಳಗಿನ ಚೇಂಬರ್ ಬಿಚ್ಚಿ ಬೇರಿಂಗ್ ನೋಡ್ಬೇಕು. ನಾನು ಬಂದು ಬಿಚ್ಚಿಕೊಡ್ತೀನಿ" ಎಂದ. ನಿಜ ಹೇಳುತ್ತೇನೆ ಅಣ್ಣ, ಈಗ ನನಗೂ ಎಂಜಿನ್ನಿನ ಭಾಷೆ ಅರ್ಥವಾಗುತ್ತಿದೆ. ಇನ್ನು ಸ್ವಲ್ಪ ದಿನ ಹೋದರೆ ನಿನ್ನನ್ನೂ ಕೇಳದೆ ನಾನೇ ಎಲ್ಲ ಮಾಡಿಕೊಳ್ಳುತ್ತೇನೋ ಏನೋ! ಆ ಗಾಡಿ ನಿನ್ನ ಮಾತು ಮಾತ್ರ ಕೇಳುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನನ್ನ ಮಾತನ್ನೂ ಕೇಳಿತು ನೋಡು ಎಂದು ಅವಳನ್ನು ರೇಗಿಸಿದೆ.

ಚೇಂಬರ್ ಬಿಚ್ಚಲೇ? ನಿನ್ನ ಉತ್ತರ ಬರುವವರೆಗೂ ಮುಟ್ಟುವುದಿಲ್ಲ.

ನಿನ್ನ,
ಓಂಕಾರಿ

*

ಕಡೂರು
16 ಫೆಬ್ರವರಿ 2024

ತಮ್ಮ ಓಂಕಾರಿಗೆ,

ಆಶೀರ್ವಾದಗಳು. ನಿನ್ನ ಕಾಗದ ಓದಿ ಸಂತೋಷವಾಯಿತು. ಇಷ್ಟು ಚೆನ್ನಾಗಿ ಮಾಡುತ್ತೀಯ ಎಂದು ನಾನು ಎಣಿಸಿರಲಿಲ್ಲ.

ಚೇಂಬರ್ ಬಿಚ್ಚುವುದು ಬೇಡ. ಹಳ್ಳಿ ಮೆಕ್ಯಾನಿಕ್ಕುಗಳಿಗೆ ಏನಾದರೂ ಬಿಚ್ಚದಿದ್ದರೆ ಊಟ ಸೇರುವುದಿಲ್ಲ. ಒಮ್ಮೆ ಅಲ್ಲಾಡಿದ ಎಂಜಿನ್ ಬಿಟ್ಟುಕೊಂಡ ಹಾಗೇ ಲೆಕ್ಕ. ಇನ್ನು ಬೇಕಾದದ್ದು ಒಂದು ಜೋರಾದ ಎಳೆತ ಮಾತ್ರ.

ಪ್ಲಗ್ಗುಗಳನ್ನು ಹಾಕು. ಆಯಿಲ್ ತುಂಬಿಸು. ಯಾರದಾದರೂ ಟ್ರ್ಯಾಕ್ಟರಿಗೆ ದಪ್ಪ ಹಗ್ಗದಲ್ಲಿ ಗಾಡಿ ಕಟ್ಟಿಸು. ಕೀ ಆನ್ ಮಾಡಿ, ಎರಡನೆಯ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದಿರು. ಟ್ರ್ಯಾಕ್ಟರ್ ಚೆನ್ನಾಗಿ ವೇಗ ಹಿಡಿದ ಮೇಲೆ ಕ್ಲಚ್ಚನ್ನು ಒಮ್ಮೆಲೇ ಬಿಡು. ಮೊದಲು ಚಕ್ರ ಕಚ್ಚಿಕೊಂಡ ಹಾಗೆ ಅನ್ನಿಸುತ್ತದೆ, ಗಾಡಿ ಎಳೆದಾಡುತ್ತದೆ. ಹೆದರಿ ಮತ್ತೆ ಕ್ಲಚ್ ಒತ್ತಬೇಡ. ಟ್ರ್ಯಾಕ್ಟರಿನವನಿಗೂ ನಿಲ್ಲಿಸಬೇಡ ಎಂದು ಮೊದಲೇ ಹೇಳಿರು. ಹಿಡಿದುಬಿಡುತ್ತದೆ.

ಹಿಡಿದ ಮೇಲೆ ಮುಖ್ಯ ವಿಷಯ. ಎಂಜಿನ್ ಆಫ್ ಮಾಡಲೇಬಾರದು. ಹಗ್ಗ ಬಿಚ್ಚಿಸಿಕೊಂಡು ನೇರ ತರೀಕೆರೆಗೆ ಓಡಿಸು. ಅಷ್ಟು ದೂರ ಒಂದೇ ಸಮ ಓಡಿದರೆ ಒಳಗಿನದೆಲ್ಲ ತಾನಾಗಿ ಸರಿಹೋಗುತ್ತದೆ. ಹೇಗೂ ನಿಮಗೆ ಅಲ್ಲಿ ಕೆಲಸ ಇದ್ದೇ ಇರುತ್ತದಲ್ಲ.

ಆದದ್ದನ್ನು ತಪ್ಪದೆ ಬರೆ.

ನಿನ್ನ ಅಣ್ಣ,
ಮೃತ್ಯುಂಜಯ

*

ಕಡೂರು
29 ಫೆಬ್ರವರಿ 2024

ಓಂಕಾರಿ,

ಉತ್ತರವೇ ಇಲ್ಲ. ಎಳೆಸಿದೆಯೋ ಇಲ್ಲವೋ? ಗಾಡಿ ಹಿಡಿಯಿತೋ? ಅತ್ತೆ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ ಅಣ್ಣನನ್ನು ಮರೆತೆಯಾ?

ಇಲ್ಲ, ಎಂಜಿನ್ ಹೊಟ್ಟೆ ಒಡೆದುಕೊಂಡಿದ್ದರೆ ಅದನ್ನೂ ಬರಿ. ಮುಚ್ಚಿಡಬೇಡ. ನಿನ್ನ ಕೈಯಲ್ಲಿ ಹೀಗಾಯಿತು ಎಂದು ಕೇಳಿ ನನಗೇನೂ ಆಶ್ಚರ್ಯವಾಗುವುದಿಲ್ಲ. ಎಂಜಿನ್ನಿನ ಭಾಷೆ ಕಲಿತವನು ನೀನು, ಅದು ಕೊನೆಗೆ ಏನು ಮಾತಾಡಿತು ಹೇಳು.

ಮೃತ್ಯುಂಜಯ

*

ಕಡೂರು
8 ಮಾರ್ಚ್ 2024

ಓಂಕಾರೇಶ,

ಸಂತೆಯಲ್ಲಿ ನಿಮ್ಮ ಕಡೆಯ ಕುರಿ ವ್ಯಾಪಾರಿಯೊಬ್ಬ ಸಿಕ್ಕಿದ್ದ. ತರೀಕೆರೆ ರಸ್ತೆಯಲ್ಲಿ ಯಾವುದೋ ಮೇಷ್ಟ್ರ ಕಾರು ಟ್ರ್ಯಾಕ್ಟರ್ ಎಳೆಯುವಾಗ ಮೋರಿಗೆ ಹೊಡೆಯಿತು ಎಂದ. ಯಾವ ಮೇಷ್ಟ್ರು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಒಳಗೆ ಯಾರೋ ಹೆಂಗಸು ಇದ್ದಳು ಎಂದ. ನಿನಗೆ ಫೋನ್ ಮಾಡಿದೆ. ಹೌದು, ನಾನೇ ಮಾಡಿದೆ. ನೀನು ಎತ್ತಲಿಲ್ಲ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಾನು ರಸ್ತೆಯಲ್ಲಿ ಎಳೆಸು ಎಂದು ಎಲ್ಲೂ ಬರೆದಿಲ್ಲ. ಬಯಲಿನಲ್ಲಿ ಎಂಬ ಅರ್ಥದಲ್ಲೇ ಬರೆದದ್ದು. ಬುದ್ಧಿ ಇರುವವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಸುವಾಗ ಡ್ರೈವರ್ ಬಿಟ್ಟು ಇನ್ನೊಬ್ಬರನ್ನು ಕೂರಿಸುವವರು ಯಾರು?

ಆ ಹೆಂಗಸು ತನುಜಾನಾ? ಅವ್ವ ಮನೆಯಲ್ಲೇ ಇದ್ದಳಲ್ಲ? ಅಷ್ಟು ಬರಿ ಸಾಕು.

ಮೃತ್ಯುಂಜಯ

*

ಶಿವಮೊಗ್ಗ
12 ಮಾರ್ಚ್ 2024

ಮೃತ್ಯುಂಜಯಪ್ಪನವರಿಗೆ,

ನಿಮ್ಮ ಮೂರೂ ಕಾಗದ ತಲುಪಿವೆ. ಎಳೆಸು ಎಂದದ್ದು ಒಂದು, ಆಮೇಲಿನವು ಎರಡು. ಕೊನೆಯದನ್ನು ತನುಜಾ ಆಸ್ಪತ್ರೆಗೆ ತಂದುಕೊಟ್ಟಳು. ಅವ್ವ ನಿದ್ದೆಯಲ್ಲಿದ್ದಾಗ ಬರೆಯುತ್ತಿದ್ದೇನೆ.

ಗಾಡಿಯಲ್ಲಿ ಇದ್ದದ್ದು ಅವ್ವ.

ಅವಳ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ. ಹೋದ ವರ್ಷದಿಂದ ವಾರಕ್ಕೆ ಎರಡು ಸಲ ತರೀಕೆರೆಯಲ್ಲಿ ಡಯಾಲಿಸಿಸ್ ಮಾಡಿಸುತ್ತಿದ್ದೆವು. ನೀವು ಅತ್ತೆ ಮನೆಯ ಊಟ ಎಂದು ಬರೆದದ್ದು ಅದನ್ನೇ. ಹೇಳಬೇಡ ಎಂದು ಅವ್ವ ಆಣೆ ಹಾಕಿಸಿಕೊಂಡಿದ್ದಳು. "ಕಾಯಿಲೆ ಅಂತ ಕೇಳಿ ಅಯ್ಯೋ ಪಾಪ ಅಂದ್ಕೊಂಡು ಬರೋದು ಬೇಡ ಕಣೋ. ಗಾಡಿ ನೆಪ ಮಾಡ್ಕೊಂಡು ಬರ್ಲಿ. ಅವನಿಗೆ ಆ ಗಾಡಿ ಅಂದ್ರೆ ಪ್ರಾಣ. ಬಂದ್ಮೇಲೆ ನನ್ನ ನೋಡ್ತಾನಲ್ಲ" ಎಂದಿದ್ದಳು. ಎಂಜಿನ್ ನಿಂತಾಗ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ ಅವಳು ನಗುತ್ತಿದ್ದಳು.

ನಿಮ್ಮ ಕಾಗದಗಳನ್ನು ನಾನು ಅವಳಿಗೆ ಓದಿದ್ದೇನೆ. ನೀವು ಬರೆದ ಹಾಗಲ್ಲ. ಕೆಲಸದ ಮಾತನ್ನು ಮಾತ್ರ ಓದಿ, ಉಳಿದದ್ದನ್ನು ಬಿಟ್ಟು, "ಅವ್ವನ ಮಂಡಿನೋವು ಹೇಗಿದೆ ಅಂತ ಕೇಳಿದ್ದಾನೆ", "ಬಿಡುವಾದಾಗ ಬರ್ತೀನಿ ಅಂದಿದ್ದಾನೆ" ಎಂದು ನಾನೇ ಸೇರಿಸುತ್ತಿದ್ದೆ. ಪಾಲಿನ ದಿನದ ಬಗ್ಗೆ ಅವಳಿಗೆ ಓದಿ ಹೇಳು ಎಂದಿದ್ದಿರಲ್ಲ, ಅಲ್ಲಿಗೆ ಬಂದಾಗ ಸ್ವಲ್ಪ ತಡವರಿಸಿದೆ. "ಏನೋ ಅದು, ಯಾಕೆ ನಿಲ್ಲಿಸ್ದೆ?" ಎಂದಳು. "ಅಕ್ಷರ ಗೊತ್ತಾಗ್ತಿಲ್ಲ" ಎಂದೆ. ಹದಿನಾರನೇ ತಾರೀಖಿನ ಕಾಗದ ಒಂದೇ ನಾನು ಏನನ್ನೂ ಬಿಡದೆ, ಏನನ್ನೂ ಸೇರಿಸದೆ ಓದಿದ್ದು. ನಿಮ್ಮ ಆಶೀರ್ವಾದಗಳು ಎಂಬ ಮಾತನ್ನು ಎರಡು ಸಲ ಓದಿಸಿಕೊಂಡಳು.

ಎಳೆಸಿದ ದಿನ ಡಯಾಲಿಸಿಸ್ ಇತ್ತು. ಹಿಡಿದ ಮೇಲೆ ಆಫ್ ಮಾಡಬಾರದು, ನೇರ ತರೀಕೆರೆಗೆ ಓಡಿಸು ಎಂದಿದ್ದಿರಲ್ಲ. ಅವ್ವ ಬಸ್ಸಿನಲ್ಲಿ ಬರುವುದಿಲ್ಲ ಎಂದು ಹಟ ಹಿಡಿದಳು. "ದೊಡ್ಡೋನು ಹೇಳಿದ್ಮೇಲೆ ಮುಗೀತು. ಗಾಡಿ ಹಿಡಿಯುತ್ತೆ, ಹಿಡಿದ್ಮೇಲೆ ನಿಲ್ಲಿಸಂಗಿಲ್ಲ. ನಾನೂ ಕೂತ್ಕೋತೀನಿ" ಎಂದು ರೇಷ್ಮೆ ಅಂಚಿನ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಾನು ಬೇಡ ಎನ್ನಲಿಲ್ಲ. ನಾನೂ ನಂಬಿದ್ದೆ. ಪಕ್ಕದ ಮನೆಯ ಮಂಜಪ್ಪ ಟ್ರ್ಯಾಕ್ಟರ್ ತಂದ. ವೇಗ ಸಿಗಬೇಕಲ್ಲ ಎಂದು ರಸ್ತೆಗೇ ಎಳೆದೆವು.

ಕ್ಲಚ್ ಬಿಟ್ಟೆ. ಮುಂದಿನ ಚಕ್ರ ಎರಡೂ ಕಚ್ಚಿಕೊಂಡವು. ಗಾಡಿ ಅಡ್ಡಡ್ಡ ಹೋಗತೊಡಗಿತು. ಮಂಜಪ್ಪ ತಿರುಗಿ ನೋಡಿ ವೇಗ ಕಡಿಮೆ ಮಾಡಲು ಹೋದ. ನಾನೇ ಕೈ ಬೀಸಿ, "ನಿಲ್ಲಿಸ್ಬೇಡ, ಎಳಿ, ಎಳಿ" ಎಂದು ಕೂಗಿದೆ. ನೀವು ಹೆದರಬೇಡ ಎಂದಿದ್ದಿರಿ. ಕಾಲು ಕ್ಲಚ್ಚಿನ ಮೇಲೆ ಹೋಗಿತ್ತು, ತೆಗೆದುಬಿಟ್ಟೆ. ಎಂಜಿನ್ನಿನೊಳಗೆ ಬಾಂಬ್ ಹೊಡೆದ ಹಾಗೆ ಸದ್ದಾಯಿತು. ಮುಂದಿನ ಗಾಜಿನ ತುಂಬ ಆಯಿಲ್ ಹಾರಿತು. ಏನೂ ಕಾಣಲಿಲ್ಲ. ಎಡಗಡೆ ಮೋರಿ ಕಟ್ಟೆಗೆ ಹೊಡೆದೆವು. ಅವ್ವ ಕೂತ ಕಡೆಯೇ.

ಅವಳ ಸೊಂಟದ ಮೂಳೆ ಮುರಿದಿದೆ. ಕಿಡ್ನಿ ಕೆಟ್ಟವರಿಗೆ ಆಪರೇಷನ್ ಮಾಡುವುದು ಸುಲಭವಲ್ಲ, ನೋಡೋಣ ಎನ್ನುತ್ತಿದ್ದಾರೆ. ಹೊರಳಿಸಿದರೆ ಕೂಗುತ್ತಾಳೆ.

ಗಾಡಿಯನ್ನು ಚೌಡಪ್ಪ ತನ್ನ ಶೆಡ್ಡಿಗೆ ಸಾಗಿಸಿಕೊಂಡ. ಎಂಜಿನ್ ಬ್ಲಾಕಿನಲ್ಲಿ ಕೈ ತೂರಿಸುವಷ್ಟು ತೂತಾಗಿದೆ, ಕನೆಕ್ಟಿಂಗ್ ರಾಡ್ ಮುರಿದು ಹೊರಗೆ ಬಂದಿದೆ. ತೋರಿಸಿ, "ಸೀಜ್ ಆದ ಎಂಜಿನ್ನ ಎಳಿಸ್ತಾರಾ ಮೇಷ್ಟ್ರೇ? ಎಳಿಸಿದ್ರೆ ಹಿಂಗೇ ಆಗೋದು. ಯಾರು ಹೇಳ್ಕೊಟ್ಟಿದ್ದು ನಿಮಗೆ? ಗಾಡಿ ಗೊತ್ತಿರೋರು ಯಾರೂ ಹೇಳಲ್ಲ. ಹೇಳಿದ್ರೆ ಬೇಕೂಂತಲೇ ಹೇಳಿರ್ಬೇಕು" ಎಂದ. ವಿಡಿಯೋ ನೋಡಿ ನಾನೇ ಮಾಡಿದೆ ಎಂದು ಹೇಳಿದೆ. ಅವ್ವನಿಗೂ ತಪ್ಪು ನನ್ನದೇ ಎಂದಿದ್ದೇನೆ. ಹಗ್ಗ ಕಟ್ಟುವುದರಲ್ಲಿ ನಾನು ತಪ್ಪಿದೆ, ಅಣ್ಣ ಹೇಳಿದ ಹಾಗೆ ಮಾಡಲಿಲ್ಲ ಎಂದು. ಅವಳು ನಂಬಿದ್ದಾಳೆ. "ಅವನಿಗೆ ತಿಳಿಸ್ಬೇಡ. ಅವನು ಸರಿಯಾಗೇ ಹೇಳಿದ್ದ, ಕೇಳಿದ್ರೆ ಮನಸ್ಸಿಗೆ ಹಚ್ಕೋತಾನೆ" ಎಂದಳು.

ನೀವು ಬರಬೇಡಿ.

ಓಂಕಾರೇಶ

*

ಕಡೂರು
17 ಮಾರ್ಚ್ 2024

ಓಂಕಾರಿ,

ನಿನ್ನ ಕಾಗದ ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ.

ಡಯಾಲಿಸಿಸ್ ಎಂದು ಮೊದಲ ಕಾಗದದಲ್ಲೇ ಒಂದು ಮಾತು ಬರೆದಿದ್ದರೆ ಅವತ್ತೇ ರೈಲು ಹತ್ತುತ್ತಿದ್ದೆ. ಆಣೆ ಹಾಕಿದಳಂತೆ, ಸುಮ್ಮನಿದ್ದೆಯಂತೆ. ನನ್ನ ಕಾಗದವನ್ನು ನಾನು ಬರೆದ ಹಾಗೆಯೇ ಓದಿದ್ದರೂ ಅವಳು ಆ ಗಾಡಿ ಹತ್ತುತ್ತಿರಲಿಲ್ಲ. ನಾನು ಎಂಥವನು ಎಂದು ಅವಳಿಗೆ ಗೊತ್ತಾಗುತ್ತಿತ್ತು. ನಿನ್ನನ್ನು ಯಾರು ಸೇರಿಸಿ ಓದು ಎಂದರು? ನೀನು ಒಳ್ಳೆಯವನಾಗಲು ಹೋಗಿ ಅವಳನ್ನು ಅಲ್ಲಿ ಕೂರಿಸಿದೆ. ಇದರಲ್ಲಿ ನಿನ್ನ ಪಾಲೂ ಇದೆ, ಮರೆಯಬೇಡ.

ಹಾಳಾಗಬೇಕಾಗಿದ್ದದ್ದು ಎಂಜಿನ್. ಎಂಜಿನ್ ಮಾತ್ರ.

ನಿನ್ನೆ ಶಿವಮೊಗ್ಗಕ್ಕೆ ಬಂದಿದ್ದೆ. ಆಸ್ಪತ್ರೆ ಗೇಟಿನವರೆಗೂ ಬಂದೆ. ತನುಜಾ ಫ್ಲಾಸ್ಕ್ ಹಿಡಿದುಕೊಂಡು ಟೀ ಅಂಗಡಿ ಮುಂದೆ ನಿಂತಿದ್ದಳು. ನನ್ನನ್ನು ನೋಡಿ ಯಾರೋ ಬೇರೆಯವರನ್ನು ನೋಡಿದ ಹಾಗೆ ಮುಖ ತಿರುಗಿಸಿದಳು. ಅಲ್ಲಿಂದಲೇ ವಾಪಸ್ ಬಂದೆ.

ಅವ್ವನಿಗೆ ನಿಜ ಹೇಳಿಬಿಡು. ಅವಳು ಬೈಯಲಿ, ಉಗಿಯಲಿ, ನಾನು ನಿಂತು ಕೇಳುತ್ತೇನೆ. ಅವಳು ನನ್ನನ್ನು ಒಳ್ಳೆಯವನು ಎಂದುಕೊಂಡು ಅಲ್ಲಿ ಮಲಗಿರುವುದು ಬೇಡ. ಬರಲೇ? ಬಾ ಎಂದು ಒಂದೇ ಒಂದು ಮಾತು ಬರೆ.

ಮೃತ್ಯುಂಜಯ

*

ಶಿವಮೊಗ್ಗ
29 ಮಾರ್ಚ್ 2024

ಮೃತ್ಯುಂಜಯಪ್ಪನವರಿಗೆ,

ಅವ್ವ ಇವತ್ತು ಬೆಳಿಗ್ಗೆ ಹೋದಳು. ಆಂಬುಲೆನ್ಸಿನಲ್ಲಿ ಹಿರೇನಲ್ಲೂರಿಗೆ ತರುತ್ತಿದ್ದೇವೆ. ತೋಟದಲ್ಲಿ ಅಪ್ಪನ ಮಗ್ಗುಲಲ್ಲೇ ಸಂಜೆ ಮಣ್ಣು ಮಾಡುತ್ತೇವೆ. ಗುಂಡಿ ತೆಗೆಸಲು ಮಂಜಪ್ಪ ಮುಂದಾಗಿ ಬರುತ್ತಿದ್ದಾನೆ. ದಾರಿಯಲ್ಲಿ ನಿಮಗೆ ಈ ಕಾಗದ ಕೊಟ್ಟು ಹೋಗುತ್ತಾನೆ.

ನೀವು ಬರಬೇಕು. ದೊಡ್ಡ ಮಗ ನೀವು, ಮುಂದೆ ನಿಂತು ಮಾಡಬೇಕಾದದ್ದು ನೀವೇ.

ನಿಮ್ಮ ಹೋದ ಕಾಗದಕ್ಕೆ ಬೇಕೆಂದೇ ಉತ್ತರ ಬರೆಯಲಿಲ್ಲ. ನಿಜ ಹೇಳಿಬಿಡು ಎಂದಿದ್ದಿರಿ. ಹೇಳಲಿಲ್ಲ. ಯಾರಿಗೂ ಹೇಳಿಲ್ಲ, ಮುಂದೆಯೂ ಹೇಳುವುದಿಲ್ಲ. ತನುಜಾಳಿಗೆ ಗೊತ್ತು, ಅವಳೂ ಬಾಯಿ ಬಿಡುವುದಿಲ್ಲ. ಊರಿನವರ ಪಾಲಿಗೆ ಗಾಡಿಯನ್ನೂ ಹಾಳು ಮಾಡಿ ತಾಯಿಯನ್ನೂ ಕೊಂದವನು ನಾನು. ಆಸ್ಪತ್ರೆಗೆ ಬಂದ ನೆಂಟರೆಲ್ಲ ನನ್ನನ್ನು ಹಾಗೇ ನೋಡಿಕೊಂಡು ಹೋದರು.

ಅವ್ವ ಕೊನೆಯವರೆಗೂ ನಿಮ್ಮ ಬಗ್ಗೆ ಮಾತಾಡುತ್ತಿದ್ದಳು. ಪಕ್ಕದ ಮಂಚದವರಿಗೆ, ನರ್ಸುಗಳಿಗೆ, ಕಸ ಗುಡಿಸುವವರಿಗೆ ಕೂಡ. "ನನ್ನ ದೊಡ್ಡ ಮಗ ಕಡೂರಲ್ಲಿ ಕೂತ್ಕೊಂಡು ಕಾಗದದಲ್ಲೇ ಗಾಡಿ ರಿಪೇರಿ ಮಾಡಿಸ್ತಿದ್ದ ಕಣ್ರೀ. ಎಷ್ಟು ವರ್ಷ ಮಾತು ಬಿಟ್ಟಿದ್ದ, ಕೊನೆಗೆ ಆಶೀರ್ವಾದ ಅಂತ ಬರ್ದ. ಈ ಚಿಕ್ಕೋನಿಗೆ ಹೇಳಿದ್ದು ಮಾಡೋಕೆ ಬರ್ಲಿಲ್ಲ." ಆಸ್ಪತ್ರೆಗೆ ಬಂದ ನೆಂಟರಲ್ಲಿ ಇದನ್ನು ಕೇಳದವರು ಯಾರೂ ಇಲ್ಲ. ಎಲ್ಲರೂ ಇವತ್ತು ಹಿರೇನಲ್ಲೂರಿಗೆ ಬರುತ್ತಾರೆ. ನಿಮ್ಮ ಕೈ ಹಿಡಿದುಕೊಂಡು ಒಬ್ಬೊಬ್ಬರೂ ಹೇಳುತ್ತಾರೆ.

ಯಗಟಿಯಿಂದ ಅವ್ವನ ತಂಗಿ ಈರಕ್ಕ ಬರುತ್ತಿದ್ದಾಳೆ. ಕೊನೆಯ ವಾರವೆಲ್ಲ ಅವ್ವನ ಹತ್ತಿರ ಇದ್ದವಳು ಅವಳೇ. ಅವ್ವ ಎಲ್ಲರಿಗಿಂತ ಹೆಚ್ಚು ಹೇಳಿಕೊಂಡದ್ದು ಅವಳ ಹತ್ತಿರ. ಕೊನೆಯ ಮಾತು ಏನು ಎಂದು ನಿಮಗೇ ಹೇಳಬೇಕಂತೆ, ನನಗೆ ಹೇಳಲಿಲ್ಲ. ಕ್ರಿಯಾಕರ್ಮ ಮುಗಿಯುವವರೆಗೂ ಅವಳು ಹಿರೇನಲ್ಲೂರಿನಲ್ಲೇ ಇರುತ್ತಾಳೆ. ನೀವೂ ಇರಬೇಕು. ಅವಳ ಪಕ್ಕದಲ್ಲೇ ನಿಮಗೆ ಚಾಪೆ ಹಾಕಿಸಿರುತ್ತೇನೆ.

ಓಂಕಾರೇಶ